ಗೊಂಬೆಗಳ ಪಾರ್ಕಿಗೆ ರಾಗಿ ಬಿತ್ತಿದ್ದು

ನನಗೆ ಸಿಟ್ಟು ಬರಿಸುವವರು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಮ್ಮ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸಿ ಎದುರು ಮನೆಗೆ ಊಟಕ್ಕೆ ಹೋಗುವವರು, ಬೆಳಗಿನ ವಾಕಿಂಗಿನಲ್ಲಿ ತಮ್ಮ ಫೋನಿನ ಭಜನೆಯನ್ನು ಇಡೀ ಪಾರ್ಕಿಗೆ ಕೇಳಿಸುವವರು, ಆಷಾಢದಲ್ಲಿ ಅಗೆದ ರಸ್ತೆಯನ್ನು ದೀಪಾವಳಿ ಬಂದರೂ ಮುಚ್ಚದವರು. ಇವರನ್ನೆಲ್ಲ ನಾನು ಹೇಗೋ ಸಹಿಸಿಕೊಂಡು ಬಂದಿದ್ದೇನೆ. ಆದರೆ ಪ್ಲಾಸ್ಟಿಕ್ ಹುಲ್ಲನ್ನು ಮಾತ್ರ ನನ್ನಿಂದ ಸಹಿಸುವುದಕ್ಕೆ ಆಗುವುದಿಲ್ಲ. ಅದನ್ನು ಕಂಡ ಕೂಡಲೇ ಮೈ ಉರಿಯುತ್ತದೆ. ಹೋಟೆಲಿನ ಗೋಡೆಗೆ ಅಂಟಿಸಿಕೊಳ್ಳಲಿ, ಬಾಲ್ಕನಿಯಲ್ಲಿ ಹಾಸಿಕೊಂಡು ಕಾಫಿ ಕುಡಿಯಲಿ, ಹೋಗಲಿ ಬಿಡಿ. ದಸರಾ ಗೊಂಬೆಗಳ ಮುಂದೆ ಹಾಸಿದರೆ ಸುಮ್ಮನಿರಬೇಕೆ?

ಹಾಸಿದವರು ನಮ್ಮ ರಸ್ತೆಯ ಕೊನೆಯ ಮನೆಯ ರೇವತಿ. ನಮ್ಮದು ಮಲ್ಲತ್ತಹಳ್ಳಿ ಕೆರೆಯ ಹಿಂಬದಿಯ ಒಂದು ಲೇಔಟು. ಇಲ್ಲಿನ ನಿವಾಸಿಗಳ ಸಂಘ ನವರಾತ್ರಿಯಲ್ಲಿ ಗೊಂಬೆ ಸ್ಪರ್ಧೆ ನಡೆಸುತ್ತದೆ. ತೀರ್ಪುಗಾರರು ಮನೆಮನೆಗೆ ಬಂದು, ಮೆಟ್ಟಿಲಿನ ಮೇಲೆ ಕೂರಿಸಿದ ಗೊಂಬೆಗಳನ್ನು ನೋಡಿ, ಕೊಟ್ಟ ಕಡಲೆಕಾಳಿನ ಸುಂಡಲ್ ತಿಂದು, ಏನೂ ಹೇಳದೆ ಹೋಗುತ್ತಾರೆ. ಬಹುಮಾನ ಕೊಡುವುದು ನವೆಂಬರಿನಲ್ಲಿ, ಪಾರ್ಕಿನಲ್ಲಿ ನಡೆಯುವ ರಾಜ್ಯೋತ್ಸವದ ದಿನ. ಗೊಂಬೆ ಮೆಟ್ಟಿಲಿನ ಮುಂದೆ ನೆಲದ ಮೇಲೆ ಒಂದು ಪುಟ್ಟ ಪಾರ್ಕು ಮಾಡುವುದು ನಮ್ಮ ಕಡೆಯ ಪದ್ಧತಿ. ಹಬ್ಬಕ್ಕೆ ಮೊದಲೇ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿದರೆ, ಗೊಂಬೆ ಕೂರಿಸುವ ಹೊತ್ತಿಗೆ ಪೈರು ಬಂದು ಹಸಿರು ಹುಲ್ಲಿನಂತೆ ನಿಂತಿರುತ್ತದೆ. ಹೋದ ವರ್ಷ ನನ್ನ ಹೆಂಡತಿ ಸರಳಾ ಹೀಗೇ ಪೈರು ಬೆಳೆಸಿದ್ದಳು. ರೇವತಿಯವರು ಅಂಗಡಿಯಿಂದ ಪ್ಲಾಸ್ಟಿಕ್ ಹುಲ್ಲು ತಂದು, ಕತ್ತರಿಸಿ, ಹಾಸಿದರು. ಮೊದಲ ಬಹುಮಾನ ಅವರಿಗೇ ಬಂತು. ಸರಳಾ ಚಪ್ಪಾಳೆ ತಟ್ಟಿ ಮನೆಗೆ ಬಂದು ಅಡುಗೆಗಿಟ್ಟಳು. ನಾನು ಮಾತ್ರ ಒಂದು ವರ್ಷ ಸಿಟ್ಟನ್ನು ಆರದಂತೆ ಕಾಪಾಡಿಕೊಂಡೆ.

ಇಷ್ಟು ಸಣ್ಣದಕ್ಕೆ ಇಷ್ಟೊಂದು ಸಿಟ್ಟೇ ಎಂದು ನೀವು ಕೇಳಬಹುದು. ಕೇಳುವವರಿಗೆ ನಾನು ಮಣ್ಣಿನ ಮಗ ಎಂಬುದು ಗೊತ್ತಿಲ್ಲ. ರಾಜಾಜಿನಗರದ ಇನ್ಶೂರೆನ್ಸ್ ಆಫೀಸಿನಲ್ಲಿ ಕುರ್ಚಿ ಸವೆಸುವುದು ನನ್ನ ಹೊಟ್ಟೆಪಾಡು ಅಷ್ಟೆ. ನಮ್ಮ ಲೇಔಟು ಇರುವ ಈ ಜಾಗದಲ್ಲಿ ನಮ್ಮ ತಾತ ರಾಗಿ ಬೆಳೆಯುತ್ತಿದ್ದ. ಹೊರಗಿನಿಂದ ಬಂದು ಮನೆ ಕಟ್ಟಿಕೊಂಡ ಪ್ರತಿಯೊಬ್ಬರಿಗೂ ಇದನ್ನು ತಿಳಿಸುವುದು ನನ್ನ ಕರ್ತವ್ಯ ಎಂದುಕೊಂಡಿದ್ದೇನೆ. ಪಾರ್ಕಿನಲ್ಲಿ ಯಾರಾದರೂ ಕೂತಿದ್ದರೆ ಪಕ್ಕದಲ್ಲಿ ಕೂತು, "ನೀವು ಕೂತಿದೀರಲ್ಲ ಈ ಬೆಂಚು, ಕರೆಕ್ಟಾಗಿ ಇಲ್ಲೇ ಸಾರ್ ನಮ್ಮ ತಾತನ ಕಣ ಇದ್ದಿದ್ದು" ಎನ್ನುತ್ತೇನೆ. ನಾಗರಬಾವಿಯಲ್ಲಿ ಕಾನೂನು ಓದುತ್ತಿರುವ ನನ್ನ ಮಗಳು ಅಮೂಲ್ಯ ಒಮ್ಮೆ, "ಅಪ್ಪಾ, ನಿಮ್ ತಾತನ ಕಣ ಒಂದೊಂದು ಸಲ ಒಂದೊಂದು ಬೆಂಚಿನ ಕೆಳಗೆ ಇರತ್ತಲ್ಲ" ಎಂದಳು. ಕಾನೂನು ಓದುವ ಮಕ್ಕಳ ಮಾತಿಗೆಲ್ಲ ನಾನು ಉತ್ತರ ಕೊಡುವುದಿಲ್ಲ.

ಈ ವರ್ಷದ ಸಂಘದ ಮೀಟಿಂಗಿನಲ್ಲಿ ನಾನು ಎದ್ದು ನಿಂತೆ. ಕಾರ್ಯದರ್ಶಿ ಮಹೇಶಪ್ಪನವರು ದಾವಣಗೆರೆ ಕಡೆಯವರು. ವಿಜಯದಶಮಿಯ ಸಂಜೆ ಎಲ್ಲರ ಮನೆಗೂ ಹೋಗಿ ಬನ್ನಿ ಕೊಟ್ಟು ಬರುವ ಒಳ್ಳೆಯ ಮನುಷ್ಯ. ಅವರ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿಯೇ ಇಲ್ಲ. ಅದಕ್ಕೇ ಸ್ಪರ್ಧೆಯನ್ನು ಯಾವ ಪಕ್ಷಪಾತವೂ ಇಲ್ಲದೆ ನಡೆಸುತ್ತಾರೆ.

"ಹುಲ್ಲು ಯಾವ್ದಾದ್ರೇನ್ರಿ ಸರ, ಹಸ್ರು ಕಂಡ್ರೆ ಸಾಕಲ್ರೀ" ಎಂದರು ಮಹೇಶಪ್ಪ.

ನನ್ನ ವರ್ಷದ ಸಿಟ್ಟು ಅಲ್ಲಿ ಸಿಡಿಯಿತು. ಹಸಿರು ಕಂಡರೆ ಸಾಕೆ? ನಾಳೆ ಪ್ಲಾಸ್ಟಿಕ್ ಅನ್ನ ಬಡಿಸಿದರೆ ಬಿಳಿ ಕಂಡರೆ ಸಾಕು ಎನ್ನುತ್ತೀರಾ? ರಾಗಿ ಬೆಳೆದ ನೆಲದ ಮೇಲೆ ಕೂತು ನಾಲ್ಕು ಕಾಳು ರಾಗಿ ಮೊಳೆಸುವ ಯೋಗ್ಯತೆ ಇಲ್ಲದವರಿಗೆ ಬಹುಮಾನವೇ? ಮೇಜು ಕುಟ್ಟಿದೆ. ಕಾಫಿ ಲೋಟ ಉರುಳಿತು. ಒರೆಸುವ ಗಡಿಬಿಡಿಯಲ್ಲಿ ನಿಯಮ ಪಾಸಾಯಿತು. ಇನ್ನು ಮುಂದೆ ಗೊಂಬೆಯ ಮುಂದೆ ಹಸಿರು ಏನಿದ್ದರೂ ಜೀವಂತವಾಗಿರಬೇಕು, ಪ್ಲಾಸ್ಟಿಕ್ ಹುಲ್ಲು ಕಂಡರೆ ಸ್ಪರ್ಧೆಯಿಂದ ಔಟ್.

ರೇವತಿಯವರು ಜಗಳಕ್ಕೆ ಬರುತ್ತಾರೆಂದು ಸಿದ್ಧನಾಗಿದ್ದೆ. ಅವರು ನಗುತ್ತಾ ಬಂದು, "ಆಯ್ತು ಅಂಕಲ್, ರಾಗೀನೇ ಹಾಕ್ತೀನಿ. ಹೇಗೆ ಬಿತ್ತೋದು ಅಂತ ಹೇಳ್ಕೊಡಿ" ಎಂದರು. ಅವರಿಗೂ ನನಗೂ ವಯಸ್ಸಿನಲ್ಲಿ ಹೆಚ್ಚೆಂದರೆ ಐದಾರು ವರ್ಷದ ವ್ಯತ್ಯಾಸ. ಆ 'ಅಂಕಲ್' ಅನ್ನು ನುಂಗಿಕೊಂಡು, ದೊಡ್ಡ ಮನಸ್ಸು ಮಾಡಿ, ಮಣ್ಣು ಹೇಗಿರಬೇಕು, ಕಾಳು ಎಷ್ಟು ದಟ್ಟವಾಗಿ ಚೆಲ್ಲಬೇಕು, ನೀರು ಹೇಗೆ ಚಿಮುಕಿಸಬೇಕು ಎಂದು ಪಾಠ ಮಾಡಿದೆ. ಅವರು ಎಲ್ಲವನ್ನೂ ಶ್ರದ್ಧೆಯಿಂದ ಕೇಳಿಸಿಕೊಂಡು ಹೋದರು.

ಮನೆಗೆ ಬಂದು, ಈ ಸಲ ಬಿತ್ತನೆ ನನ್ನದೇ ಎಂದು ಘೋಷಿಸಿದೆ. "ಪ್ರತಿ ವರ್ಷ ನಾನೇ ಹಾಕ್ತೀನಲ್ರೀ" ಎಂದಳು ಸರಳಾ. ಇದು ಮನೆತನದ ಮರ್ಯಾದೆಯ ಪ್ರಶ್ನೆ, ನೀನು ಮೈಸೂರು ಪೇಟೆಯವಳು, ನಿನಗೆ ಹೊಲ ಗದ್ದೆ ಏನು ಗೊತ್ತು ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಸೊಪ್ಪು ಬಿಡಿಸುವುದನ್ನು ಮುಂದುವರಿಸಿದಳು.

ಬಿತ್ತುವಾಗ ತಾತನ ನೆನಪಾಯಿತು. ಪಂಚೆ ಎತ್ತಿ ಕಟ್ಟಿ, ಹೊಲದ ಬದುವಿನ ಮೇಲೆ ನಿಂತು, ಬಿತ್ತುವುದಕ್ಕೆ ಮೊದಲು ಮೊರದಿಂದ ಒಂದು ಚಿಟಿಕೆ ಕಾಳು ತೆಗೆದು ಬಾಯಿಗೆ ಎಸೆದುಕೊಳ್ಳುತ್ತಿದ್ದ. ನಿಧಾನವಾಗಿ ಅಗಿದು, ಉಗಿದು, ಆಮೇಲೆ ಕೆಲಸಕ್ಕೆ ಇಳಿಯುತ್ತಿದ್ದ. ಮುದುಕನಿಗೆ ಬಾಯಿಚಪಲ ಎಂದುಕೊಂಡಿದ್ದೆ ಆಗ. ನಾನು ಶಿಸ್ತಿನ ಮನುಷ್ಯ. ಅಡುಗೆಮನೆಯ ಕೆಳಗಿನ ಶೆಲ್ಫಿನ ಸ್ಟೀಲ್ ಡಬ್ಬದಿಂದ ರಾಗಿ ತೆಗೆದು, ಒಂದು ಕಾಳನ್ನೂ ಬಾಯಿಗೆ ಹಾಕಿಕೊಳ್ಳದೆ, ಎಲ್ಲವನ್ನೂ ಮಣ್ಣಿಗೆ ಚೆಲ್ಲಿದೆ.

ಮೊಳಕೆ ಬರಲಿಲ್ಲ. ಎರಡು ದಿನ ಕಾದೆ, ಮತ್ತೆರಡು ದಿನ ಕಾದೆ. ಮೊದಲು ಮಣ್ಣನ್ನು ಬೈದೆ. ಆಮೇಲೆ ಬೋರ್‌ವೆಲ್ ನೀರನ್ನು ಬೈದು ಕುಡಿಯುವ ನೀರು ಹಾಕಿದೆ. ಪಾರಿವಾಳಗಳು ಕಾಳು ತಿಂದಿರಬೇಕೆಂದು ಅವುಗಳಿಗೆ ಕಾಳು ಹಾಕುವ ಎದುರು ಮನೆಯ ಮೂರನೇ ಮಹಡಿಯವರೊಡನೆ ಜಗಳ ತೆಗೆದೆ. ಪಕ್ಕದವರು ಎಬ್ಬಿಸಿದ ಕಟ್ಟಡದಿಂದ ನಮಗೆ ಬಿಸಿಲೇ ಇಲ್ಲದಂತಾಗಿದೆ ಎಂದು ಹೊಳೆದ ಮೇಲೆ ತಟ್ಟೆಯನ್ನು ಹೊತ್ತುಕೊಂಡು ತಾರಸಿಗೂ ಅಲ್ಲಿಂದ ಗೇಟಿಗೂ ಬಿಸಿಲಿನ ಹಿಂದೆ ಓಡಾಡಿದೆ. ಆಫೀಸಿನಲ್ಲಿ ಕೂತು ಮನೆಗೆ ಫೋನು ಮಾಡಿ "ಬಂತಾ?" ಎಂದು ಕೇಳುತ್ತಿದ್ದೆ. ಪಕ್ಕದ ಸೀಟಿನವರು ಸೊಸೆಗೆ ದಿನ ತುಂಬಿದೆ ಎಂದುಕೊಂಡು ದೇವರಿಗೆ ಹರಕೆ ಹೊತ್ತುಕೊಳ್ಳಿ ಎಂದರು. ನನಗೆ ಗಂಡುಮಗನೇ ಇಲ್ಲ.

ಅತ್ತ ರೇವತಿಯವರು ದಿನಾ ಬೆಳಿಗ್ಗೆ ಲೇಔಟಿನ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕುತ್ತಿದ್ದರು. ಮೊದಲ ದಿನ ಸೂಜಿಮೊನೆಯಷ್ಟು, ಆಮೇಲೆ ಉಗುರಿನಷ್ಟು, ಆಮೇಲೆ ಬೆರಳುದ್ದ. ಪ್ರತಿ ಫೋಟೋದ ಕೆಳಗೂ 'ಎಲ್ಲಾ ಅಂಕಲ್ ಹೇಳಿಕೊಟ್ಟಿದ್ದು' ಎಂದು ಬರೆದು ಕೈಮುಗಿಯುತ್ತಿದ್ದರು. ನಮ್ಮ ಪೈರಿನ ಫೋಟೋವನ್ನೂ ಹಾಕಬೇಕೆಂದು ಮಹೇಶಪ್ಪನವರು ಒತ್ತಾಯಿಸಿದಾಗ 'ಸಸ್ಪೆನ್ಸ್' ಎಂದು ಬರೆದು ಫೋನು ಮುಚ್ಚಿಟ್ಟೆ. ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು. ಇಷ್ಟು ವರ್ಷ ಬೆಂಚು ಬೆಂಚಿಗೆ ಹೋಗಿ ಹೇಳಿಕೊಂಡು ಬಂದ ತಾತ, ಕಣ, ಮಣ್ಣು ಎಲ್ಲವೂ ಒಂದು ತಟ್ಟೆಯಲ್ಲಿ ಸುಳ್ಳಾಗುವುದರಲ್ಲಿತ್ತು. ಒಂದು ಸಂಜೆ ವಿಜಯನಗರದ ಅಂಗಡಿಯೊಂದರ ಮುಂದೆ ಪ್ಲಾಸ್ಟಿಕ್ ಹುಲ್ಲನ್ನು ಸವರುತ್ತಾ ನಿಂತಿದ್ದೆ ಎಂಬುದನ್ನು ದಯವಿಟ್ಟು ಯಾರಿಗೂ ಹೇಳಬೇಡಿ. "ಒರಿಜಿನಲ್‌ಗಿಂತ ಚೆನ್ನಾಗಿದೆ ಸಾರ್" ಎಂದ ಅಂಗಡಿಯವನು. ಅವನಿಗೂ ಬೈದು ಬಂದೆ.

ನವರಾತ್ರಿಯ ಮೊದಲ ದಿನ ಬಂತು. ಮೆಟ್ಟಿಲು ಜೋಡಿಸಿ, ಬಿಳಿ ಬಟ್ಟೆ ಹೊದಿಸಿ, ಸರಳಾ ತನ್ನ ತವರಿನಿಂದ ಬಂದ ಪಟ್ಟದ ಗೊಂಬೆಗಳನ್ನು ಮೇಲೆ ಕೂರಿಸಿದಳು. ತೀರ್ಪುಗಾರರು ಸಂಜೆ ಬರುವವರಿದ್ದರು. ಕೊನೆಗೆ ಅವಳು ನನ್ನ ತಟ್ಟೆಯ ಮುಂದೆ ಕೂತು, ಮಣ್ಣು ಕೆದಕಿ, ಒಂದು ಕಾಳು ಬೆರಳಿಗೆ ತೆಗೆದುಕೊಂಡಳು.

"ರೀ, ಯಾವ ಡಬ್ಬದ್ದು ಹಾಕಿದ್ರಿ?"

"ಕೆಳಗಿನ ಶೆಲ್ಫಿಂದು. ಸ್ಟೀಲಿಂದು."

ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೂತು ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅದು ನಿಮ್ಮ ಗಂಜಿಗೆ ಅಂತ ಹುರಿದಿಟ್ಟಿದ್ದ ರಾಗಿ ಕಣ್ರೀ!"

ನನ್ನ ಶುಗರ್‌ಗೆಂದು ದಿನಾ ಬೆಳಿಗ್ಗೆ ರಾಗಿ ಗಂಜಿ ಕುಡಿಯುತ್ತೇನೆ. ಅದಕ್ಕೆ ಅವಳು ರಾಗಿ ತೊಳೆದು, ಒಣಗಿಸಿ, ಹದವಾಗಿ ಹುರಿದು, ಬೇಕಾದಾಗ ಬೀಸಿಕೊಳ್ಳುತ್ತಾಳೆ. ಹುರಿದ ಕಾಳಿಗೆ ಇಷ್ಟು ದಿನ ನೀರು ಹಾಕಿದ್ದೆ ನಾನು. ನನ್ನ ಸಿಟ್ಟು ನೆತ್ತಿಗೇರಿತು. ಹುರಿದದ್ದನ್ನು ಹುರಿಯದ್ದರ ಥರ ಕಾಣುವಂತೆ ಯಾರಾದರೂ ಹುರಿಯುತ್ತಾರೆಯೇ? ಒಂದು ಮಾತು ಹೇಳಬಾರದಿತ್ತೆ?

"ಹುರಿಯುವಾಗ ನೀವೇ ಬಂದು 'ಏನೇ, ಘಮ ಅಂತಿದೆ' ಅಂದ್ರಲ್ಲ" ಎಂದಳು ಅವಳು.

ಆ ಹೊತ್ತಿಗೆ ಮಗಳು ಬಂದಳು. ಬೋಳು ಮಣ್ಣಿನ ತಟ್ಟೆಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು. "ಅಪ್ಪಾ, ಬಿಡು. ಬೆಳೆ ಬರದಿದ್ರೆ ಲೇಔಟ್ ಮಾಡೋಣ. ಎಲ್ಲರೂ ಹಾಗೇ ತಾನೇ ಮಾಡೋದು?" ಎಂದು ಸೀಮೆಸುಣ್ಣಕ್ಕೆ ಹಳದಿ ಬಣ್ಣ ಬಳಿದು, ಮುರಿದು, ಸೈಟು ಕಲ್ಲುಗಳಂತೆ ಸಾಲಾಗಿ ಮಣ್ಣಿಗೆ ಚುಚ್ಚಿದಳು. ನಡುವೆ ರಸ್ತೆ ಎಳೆದಳು. ಅಟ್ಟದಿಂದ ಅವಳ ಬಾಲ್ಯದ ಆಟಿಕೆ ಜೆಸಿಬಿ ಇಳಿದು ಬಂತು. ದಿನಸಿ ಅಂಗಡಿ ಇಟ್ಟುಕೊಂಡು ಕೂರುತ್ತಿದ್ದ ಶೆಟ್ಟಿ ಗೊಂಬೆಯ ಮುಂದಿನ ಅಕ್ಕಿ ಬೇಳೆ ತೆಗೆದು, 'ಸೈಟುಗಳು ಮಾರಾಟಕ್ಕಿವೆ' ಎಂಬ ಬೋರ್ಡು ಕೊಟ್ಟು ಮೂಲೆಯಲ್ಲಿ ಕೂರಿಸಿದಳು. "ಹಸಿರು ಇದ್ರೆ ಜೀವಂತವಾಗಿರ್ಬೇಕು ಅಂತ ತಾನೇ ನಿನ್ನ ರೂಲು? ಇಲ್ಲಿ ಹಸಿರೇ ಇಲ್ಲ" ಎಂದಳು. ಓದಿಸಿದ ಫೀಸು ದಂಡವಾಗಿಲ್ಲ ಎಂದು ಆ ದಿನ ಅನ್ನಿಸಿತು.

ಸಂಜೆ ಮಹೇಶಪ್ಪನವರು ಮಹಾಲಕ್ಷ್ಮಿ ಲೇಔಟಿನ ಇಬ್ಬರು ಮಹಿಳೆಯರನ್ನು ತೀರ್ಪಿಗೆ ಕರೆದುಕೊಂಡು ಬಂದರು. ಮೂವರೂ ತಟ್ಟೆಯ ಮುಂದೆ ನಿಂತರು. ಸುಂಡಲ್ ಕೈಯಲ್ಲೇ ಉಳಿಯಿತು.

"ನಿಮ್ ತಾತನ ಹೊಲ ಅಲ್ಲೇನ್ರೀ ಸರ ಇದು?" ಎಂದರು ಮಹೇಶಪ್ಪ, ಮೆಲ್ಲಗೆ.

ಹುರಿದ ರಾಗಿಯ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಹಳದಿ ಕಲ್ಲುಗಳನ್ನು ನೋಡುತ್ತಿದ್ದಂತೆ ಏನೋ ಆಯಿತು. ನಾನು ಚಿಕ್ಕವನಿದ್ದಾಗ ಇಂಥವೇ ಕಲ್ಲುಗಳನ್ನು ನಮ್ಮ ಹೊಲದಲ್ಲಿ ನೆಟ್ಟಿದ್ದರು. ತಾತ ಅವುಗಳ ನಡುವೆ ಕೈ ಹಿಂದೆ ಕಟ್ಟಿಕೊಂಡು ಓಡಾಡಿದ್ದ, ಎಲ್ಲಿ ನಿಂತರೂ ಯಾರದೋ ಸೈಟಿನಲ್ಲಿ ನಿಂತಂತಾಗಿ ಅತ್ತಿತ್ತ ಸರಿಯುತ್ತಿದ್ದ. ನನಗೆ ನಿಜವಾಗಿಯೂ ಸಂಕಟವಾಯಿತು. "ಹೌದು ಸಾರ್" ಎಂದು ಶುರು ಮಾಡಿದವನು ಏನೇನೋ ಹೇಳಿದೆ. ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ, ತಟ್ಟೆಯೊಂದನ್ನು ಬಿಟ್ಟರೆ. ತೀರ್ಪುಗಾರರಲ್ಲೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸರಳಾ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡಳು.

ರಾಜ್ಯೋತ್ಸವದ ದಿನ ಮೊದಲ ಬಹುಮಾನ ನಮಗೆ ಬಂತು, ಎರಡನೆಯದು ರೇವತಿಯವರಿಗೆ. ವೇದಿಕೆ ಇಳಿದ ಕೂಡಲೇ ಅವರು ನನ್ನನ್ನು ಅಡ್ಡಗಟ್ಟಿದರು. "ಅಲ್ಲಾ ಅಂಕಲ್, ಪೈರು ಬೆಳೆಸ್ಲೇಬೇಕು ಅಂತ ಮೇಜು ಕುಟ್ಟಿದ್ದೂ ನೀವೇ, ಬೆಳೆಸ್ದೇ ಪ್ರೈಜ್ ಹೊಡ್ಕೊಂಡಿದ್ದೂ ನೀವೇ. ಇದ್ಯಾವ ನ್ಯಾಯ?" ಎಂದರು. ಮುಖ ಕೆಂಪಾಗಿತ್ತು. ಆ ಸಿಟ್ಟಿನ ರುಚಿ ನನಗೆ ಚೆನ್ನಾಗಿ ಗೊತ್ತು. ಅದು ಬರುವ ದಸರಾದವರೆಗೂ ಆರುವುದಿಲ್ಲ.

ಅಷ್ಟರಲ್ಲಿ ಮಹೇಶಪ್ಪನವರು ಮೈಕು ಹಿಡಿದು, ಪಾರ್ಕಿನ ಮೂಲೆಯಲ್ಲಿ ಸಂಘದ ಕೈತೋಟ ಶುರುವಾಗುತ್ತದೆ, ಅದರ ಮುಖ್ಯಸ್ಥರು ಮಣ್ಣಿನ ಮಗನಾದ ನಾನು, ಮೊದಲ ಬೀಜವನ್ನು ಈಗಲೇ ನನ್ನ ಕೈಯಿಂದ ಬಿತ್ತಿಸುತ್ತೇವೆ ಎಂದು ಸಾರಿದರು. ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಅಗೆದು ಸಿದ್ಧಮಾಡಿದ್ದ ಮಣ್ಣಿನ ಮಡಿಯ ಮುಂದೆ ನನ್ನನ್ನು ನಿಲ್ಲಿಸಿ, ಯಾರದೋ ಮನೆಯ ಅಡುಗೆಮನೆಯಿಂದ ತರಿಸಿದ ಒಂದು ಬಟ್ಟಲು ಮೆಂತ್ಯವನ್ನು ಕೈಗೆ ಕೊಟ್ಟರು. ಹುಳಿಪುಡಿಗೆ ಮೆಂತ್ಯವನ್ನೂ ಹುರಿದಿಡುತ್ತಾರೆ ಎಂಬುದು ನೆನಪಾಯಿತು. ಬಟ್ಟಲು ನೋಡಿದೆ, ಏನೂ ತಿಳಿಯಲಿಲ್ಲ. ಸರಳಾಳ ಕಡೆ ನೋಡಿದೆ. ಅವಳು ಬೇಕೆಂದೇ ಆಕಾಶ ನೋಡುತ್ತಿದ್ದಳು. ಆಗ ಬದುವಿನ ಮೇಲೆ ನಿಂತ ತಾತ ಕಣ್ಣಿಗೆ ಬಂದ. ಮುದುಕನಿಗೆ ಬಾಯಿಚಪಲ ಇರಲಿಲ್ಲ. ಒಂದು ಚಿಟಿಕೆ ತೆಗೆದು ಬಾಯಿಗೆ ಎಸೆದುಕೊಂಡು ಅಗಿದೆ. ಹಸಿಯದೇ.

"ಇದ್ಯಾಕ್ರೀ ಸರ?" ಎಂದರು ಮಹೇಶಪ್ಪ.

"ನಮ್ಮ ತಾತ ಬಿತ್ತೋಕೆ ಮೊದಲು ಹೀಗೇ ಮಾಡ್ತಿದ್ರು" ಎಂದೆ, ಆದಷ್ಟು ಗಂಭೀರವಾಗಿ.

ಬಟ್ಟಲು ಕೈಯಿಂದ ಕೈಗೆ ಹೋಯಿತು. ಮಹೇಶಪ್ಪ, ಕಣ್ಣೊರೆಸಿಕೊಂಡಿದ್ದ ತೀರ್ಪುಗಾರರು, ಸಿಟ್ಟು ಮರೆತ ರೇವತಿ, ಎಲ್ಲರೂ ಒಂದೊಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಮುಖ ಕಿವುಚದೆ, ಭಕ್ತಿಯಿಂದ ಅಗಿಯತೊಡಗಿದರು. ಬಟ್ಟಲು ತಿರುಗಿ ನನ್ನ ಕೈಗೆ ಬಂದಾಗ ಬಿತ್ತಲು ಅದರಲ್ಲಿ ಏನೂ ಉಳಿದಿರಲಿಲ್ಲ.