ಕಾಪುವಿನಿಂದ ಹೊರಟ ಕೋವಿ ಅಜೆಕಾರಿಗೆ ತಲುಪದ ಬಗ್ಗೆ ಕಾಡುಹಂದಿಯವರಿಗೆ

ಅಜೆಕಾರು,
20 ಅಕ್ಟೋಬರ್ 1999

ನಮ್ಮ ಗದ್ದೆಯ ಮೇಲಿನ ಗುಡ್ಡೆಯ ಪೊದೆಯಲ್ಲಿ ಸಕುಟುಂಬ ವಾಸವಾಗಿರುವ ಶ್ರೀಮಾನ್ ಕಾಡುಹಂದಿಯವರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಧರ್ಮಪತ್ನಿಯವರೂ ಏಳು ಮಂದಿ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ನಮ್ಮ ಗದ್ದೆಯನ್ನು ಕಣ್ಣಾರೆ ನೋಡಿದ ಮೇಲೆ ನಂಬದೆ ಬೇರೆ ದಾರಿಯೂ ಇಲ್ಲ. ಕಳೆದ ಆಗಸ್ಟ್ ಕೊನೆಯ ವಾರದಲ್ಲಿ ತಾವು ನಮ್ಮಲ್ಲಿಗೆ ದಯಮಾಡಿಸಿದಾಗ ತಮ್ಮನ್ನು ತಕ್ಕ ಮರ್ಯಾದೆಯಿಂದ ಎದುರುಗೊಳ್ಳಲಾಗಲಿಲ್ಲ. ಅದಕ್ಕೆ ಕ್ಷಮೆ ಕೇಳುವುದಕ್ಕೂ, ಕಾರಣವನ್ನು ವಿವರವಾಗಿ ಅರಿಕೆ ಮಾಡಿಕೊಳ್ಳುವುದಕ್ಕೂ ಈ ಪತ್ರ.

ತಾವು ಊಟ ಮಾಡಿದ್ದು ಸಾಧಾರಣ ಭತ್ತವನ್ನಲ್ಲ. ನನ್ನ ಹೆಂಡತಿ ಇಮೆಲ್ಡಾ ಮದುವೆಯಾಗಿ ಬರುವಾಗ ಅವಳ ತಂದೆ, ಕಾಪುವಿನ ಬ್ಯಾಪ್ಟಿಸ್ಟರು, ಒಂದು ಸೇರು ಕೆಂಪು ಭತ್ತದ ಬೀಜವನ್ನು ಸೆರಗಿಗೆ ಕಟ್ಟಿ ಕಳುಹಿಸಿದ್ದರು. ಪ್ರತಿ ವರ್ಷ ಸೆಪ್ಟೆಂಬರ್ ಎಂಟರಂದು ಮೇರಿ ಮಾತೆಯ ಹೆಸರಿನ ತೆನೆಹಬ್ಬವಾದ ಮೊಂತಿ ಹಬ್ಬಕ್ಕೆ ನಮ್ಮ ವಾಡೆಯ ಮನೆಗಳವರು ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸುವ ತೆನೆ ಆ ಬೀಜದ್ದೇ, ಅವಳ ಕೈಯಾರೆ ಬಿತ್ತಿದ ಮೂರು ಸೆಂಟ್ಸ್ ಗದ್ದೆಯದ್ದೇ. ಹೊಸ ಅಕ್ಕಿಯ ಊಟಕ್ಕೆ ಬರಲಾಗದ ಮಕ್ಕಳಿಗೆ ಆ ಕಾಳುಗಳನ್ನು ಲಕೋಟೆಯಲ್ಲಿ ಕಳುಹಿಸುವುದು ನಮ್ಮ ಪದ್ಧತಿ. ಬ್ಯಾಪ್ಟಿಸ್ಟರು ಈ ಜನವರಿಯಲ್ಲಿ ತೀರಿಕೊಂಡರು. ಕಾಪುವಿನ ಗದ್ದೆಯಲ್ಲಿ ಮನೆಗಳೆದ್ದು ವರ್ಷಗಳಾದವು. ಆ ಬೀಜ ಉಳಿದದ್ದು ನಮ್ಮಲ್ಲಿ ಮಾತ್ರ, ಅದನ್ನೂ ಈ ವರ್ಷ ಒಂದು ಕಾಳು ಉಳಿಸದೆ ಬಿತ್ತಿಯಾಗಿತ್ತು. ಈ ಸಂಗತಿ ತಮಗೆ ತಿಳಿದಿರಲಿಲ್ಲವೆಂದು ಭಾವಿಸುತ್ತೇನೆ.

ಬ್ಯಾಪ್ಟಿಸ್ಟರು ಮಗಳಿಗೆ ಬೀಜ ಕೊಟ್ಟಂತೆ ಅಳಿಯನಾದ ನನಗೆ ತಮ್ಮ ರೈಫಲನ್ನು ಬರೆದಿಟ್ಟು ಹೋದರು. ತಮಗೆ ಗುರಿಯಿಡುವ ಉದ್ದೇಶ ನನಗೆ ಎಳ್ಳಷ್ಟೂ ಇರಲಿಲ್ಲ; ಆಕಾಶಕ್ಕೆ ಒಂದು ಗುಂಡು ಹಾರಿಸಿ ತಮಗೆ ನಮಸ್ಕಾರ ಹೇಳುವುದಷ್ಟೇ ನನ್ನ ಆಸೆ. ಆದರೆ ಕಾಪುವಿನಲ್ಲಿರುವ ಕೋವಿಯನ್ನು ಅಜೆಕಾರಿಗೆ ತರುವುದು ಹೇಗೆ? ಬಸ್ಸಿನಲ್ಲಿ ಎರಡೂವರೆ ಗಂಟೆಯ ದಾರಿ ಎಂದು ನಾನು ಸಹ ತಿಳಿದಿದ್ದೆ.

ಮೊದಲು ಅಂಚೆ ಕಚೇರಿಗೆ ಹೋದೆ. ಕೋವಿಯನ್ನು ತೆಗೆದುಕೊಳ್ಳುವುದಿಲ್ಲ, ಕೋವಿಯ ಬಗ್ಗೆ ಅರ್ಜಿಗಳಿದ್ದರೆ ಎಷ್ಟು ಬೇಕಾದರೂ ರಿಜಿಸ್ಟರ್ ಮಾಡಿ ಕಳುಹಿಸುತ್ತೇವೆ ಎಂದು ಅವರು ಬಹಳ ಪ್ರೀತಿಯಿಂದ ಹೇಳಿದರು. ಮಣಿಪಾಲದ ಒಬ್ಬ ಕೊರಿಯರಿನವನು ಒಳಗೆ ಕಾಗದವೋ ಸಾಮಾನೋ ಎಂದು ಕೇಳಿ, ರೈಫಲ್ ಎಂದಾಕ್ಷಣ ನನ್ನ ಕೈಯಲ್ಲಿದ್ದ ಫಾರಮನ್ನು ಮೆಲ್ಲನೆ ಹಿಂದಕ್ಕೆ ಎಳೆದುಕೊಂಡ. ಕೊನೆಗೆ ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಎಂದು ಬರೆದು ಯಾರ ಮನಸ್ಸನ್ನೂ ನೋಯಿಸಲಾರೆ. ಅಲ್ಲಿ ತಿಳಿದದ್ದಿಷ್ಟು: ನನ್ನ ಲೈಸೆನ್ಸಿನಲ್ಲಿ ಕೋವಿಯ ನಂಬರು ಬರೆಯಬೇಕಾದರೆ ಕೋವಿಯನ್ನು ತಂದು ತೋರಿಸಬೇಕು, ಕೋವಿಯನ್ನು ತರಬೇಕಾದರೆ ಲೈಸೆನ್ಸಿನಲ್ಲಿ ಅದರ ನಂಬರು ಇರಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯನ್ನು ಕಟ್ಟಿದವನು ಖಂಡಿತ ಆ ಕಚೇರಿಯ ಬೆಂಚಿನಲ್ಲಿ ಕುಳಿತಿದ್ದವನೇ. ಸಾಲದ್ದಕ್ಕೆ ಎರಡು ವರ್ಷದ ಹಿಂದೆ ಜಿಲ್ಲೆ ಎರಡು ಪಾಲಾಯಿತಲ್ಲ, ಆಗ ಕೋವಿ ಉಡುಪಿಯ ಪಾಲಿಗೆ ಬಂದರೂ ಅದರ ಫೈಲು ಮಂಗಳೂರಿನಲ್ಲಿಯೇ ಉಳಿದಿತ್ತಂತೆ.

ಇಷ್ಟರಲ್ಲಿ ಇಮೆಲ್ಡಾಳ ತಮ್ಮ ಕಜೆಟನ್‌ನಿಗೆ ನಿದ್ದೆ ಬಾರದಾಯಿತು. ಲೈಸೆನ್ಸಿಲ್ಲದ ತಾನು ತಂದೆಯ ಕೋವಿಯ ಜೊತೆ ಒಂದೇ ಸೂರಿನಡಿ ಇರುವುದು ದಿನಕ್ಕೊಂದು ಅಪರಾಧವೆಂದು ಅವನಿಗೆ ಯಾರೋ ಹೇಳಿದ್ದರು. ತಾವು ಬಸ್ಸು ಹತ್ತಿದವರಲ್ಲವಾದ್ದರಿಂದ ಒಂದು ಮಾತು ತಿಳಿಸಬೇಕು: ನಮ್ಮ ಕಡೆ ಮದ್ದು, ಬುತ್ತಿ, ಕನ್ನಡಕ, ಮದುವೆಯ ಸೀರೆ, ಏನನ್ನು ಕಳುಹಿಸಬೇಕಿದ್ದರೂ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟರಾಯಿತು, ಆಚೆ ಸ್ಟಾಪಿನಲ್ಲಿ ಬೇಕಾದವರು ಕಾದು ನಿಂತಿರುತ್ತಾರೆ. ಕಜೆಟನ್ ಕೋವಿಯನ್ನು ಚಾಪೆಯಲ್ಲಿ ಸುತ್ತಿ, ಶಂಕರಪುರದ ಮಲ್ಲಿಗೆ ಹೊತ್ತು ಕಾರ್ಕಳದ ಮೂಲಕ ನಮ್ಮ ಕಡೆಗೆ ಬರುವ ಬಸ್ಸಿಗೆ ಹಾಕಿದ. "ಮಲ್ಲಿಗೆ ಒಟ್ಟಿಗೆ ಇಡ್ತೇನೆ ಮಾರಾಯ್ರೆ, ನೀರು ತಾಗುದಿಲ್ಲ" ಎಂದು ಕಂಡಕ್ಟರು ಅಭಯ ಕೊಟ್ಟರಂತೆ.

ಅಲ್ಲಿಗೆ ಎಲ್ಲವೂ ಸುಸೂತ್ರವಾಗಿ ಮುಗಿಯುತ್ತಿತ್ತು. ಆದರೆ ಹಬ್ಬದ ಮುಂಚಿನ ಒಂಬತ್ತು ದಿನಗಳ ನೊವೆನಾ ಪ್ರಾರ್ಥನೆಯ ವೇಳೆ ಸುಳ್ಳು ಹೇಳಬಾರದೆಂದು ನನ್ನ ಭಾವಮೈದುನ ಚಾಪೆಯ ಮೇಲೆ ಇಷ್ಟು ದಪ್ಪ ಅಕ್ಷರದಲ್ಲಿ 'ಒಳಗೆ ಕೋವಿ ಉಂಟು, ಜಾಗ್ರತೆ' ಎಂದು ಬರೆದು ನನ್ನ ಹೆಸರು ವಿಳಾಸ ಹಾಕಿದ್ದ. ಕಾರ್ಕಳದ ಬಸ್ ನಿಲ್ದಾಣದಲ್ಲಿ ತನ್ನ ಮಲ್ಲಿಗೆ ಇಳಿಸಿಕೊಳ್ಳಲು ಬಂದ ಹೂವಿನ ಮನೋರಮಕ್ಕ ಅದನ್ನು ಓದಿ, "ಅಯ್ಯೋ ದೇವರೇ, ಹೂವಿನೊಟ್ಟಿಗೆ ಬೆಡಿ ಉಂಟು!" ಎಂದು ಕೂಗಿದ್ದೇ ಕೂಗಿದ್ದು, ಬಸ್ಸೂ ಖಾಲಿ, ನಿಲ್ದಾಣವೂ ಖಾಲಿ. ಎರಡು ಸ್ಟಾಪು ಮುಂದೆ ಕಾಯುತ್ತಿದ್ದ ನನಗೆ ಸಿಕ್ಕಿದ್ದು ಮಲ್ಲಿಗೆಯ ಪರಿಮಳದ ಖಾಲಿ ಬಸ್ಸು. ಕೋವಿ ಠಾಣೆಗೆ ಹೋಯಿತು, ಹಿಂದಿನಿಂದ ನಾನೂ ಹೋದೆ, ಕಜೆಟನ್ ಮರುದಿನ ಬಂದ.

ಠಾಣೆಯವರು ಒಳ್ಳೆಯವರು. ಕಜೆಟನ್‌ನ ಅಕ್ಷರ ನೋಡಿ, ಇಷ್ಟು ಪ್ರಾಮಾಣಿಕ ಕಳ್ಳಸಾಗಣೆಯನ್ನು ತಮ್ಮ ಸರ್ವಿಸಿನಲ್ಲಿ ಕಂಡಿಲ್ಲವೆಂದು ಚಹಾ ಕೊಟ್ಟು ಕಳುಹಿಸಿದರು. ಕೋವಿ ಕೇಳಿದಾಗ ಮಾತ್ರ, ಚುನಾವಣೆ ಬಂತಲ್ಲ, ಊರಿನ ಎಲ್ಲರ ಕೋವಿಯೂ ಇಲ್ಲಿಗೇ ಬರಬೇಕು, ನಿಮ್ಮದು ಮೊದಲೇ ಬಂದಿದೆ, ನಿಮಗೆ ಒಂದು ಓಡಾಟ ಉಳಿಯಿತು ಎಂದರು. ಆ ಉಪಕಾರವನ್ನು ನಾನು ಮರೆಯುವವನಲ್ಲ.

ತಾವು ಬಂದದ್ದು ಅದೇ ವಾರ. ತಮಗೆ ಲೈಸೆನ್ಸು ಬೇಡ, ಸಾಗಾಟದ ಪರವಾನಗಿ ಬೇಡ, ನೀತಿ ಸಂಹಿತೆ ಅನ್ವಯಿಸದು. ಯಾವ ಅಭ್ಯರ್ಥಿಯೂ ಕಾಲಿಡದ ನಮ್ಮ ಗದ್ದೆಗೆ ತಾವು ಸಂಸಾರ ಸಮೇತ ನಾಲ್ಕು ಸಲ ಬಂದು ಹೋದಿರಿ. ಇಷ್ಟು ಚುರುಕಾಗಿ ಕೆಲಸ ಮುಗಿಸುವವರನ್ನು ನಾನು ಈ ವರ್ಷ ಎಲ್ಲಿಯೂ ನೋಡಲಿಲ್ಲ, ತಮ್ಮನ್ನು ಫೈಲು ವಿಭಾಗಕ್ಕೆ ನೇಮಿಸಬಾರದೇಕೆ ಎಂದು ಬರೆಯಬೇಕೆಂದಿದ್ದೇನೆ. ಇಮೆಲ್ಡಾ ಮೊಣಕಾಲು ನೋವಿನಲ್ಲೇ ಬದುವಿನ ಮೇಲೆ ನಿಂತು ಡಬ್ಬ ಬಡಿದಳು. ನಾನು ಅರ್ಜಿಯ ನಕಲುಗಳನ್ನು ಹಿಡಿದು ಪಕ್ಕದಲ್ಲಿ ನಿಂತಿದ್ದೆ. "ನಿಮ್ಮ ಕಾಗದದ ಕೋವಿಗೆ ಹಂದಿ ಓಡುದಾ?" ಎಂದು ಕೇಳಿದಳು. ಮರುದಿನ ಬೆಳಿಗ್ಗೆ ಕೆಸರಿನಲ್ಲಿ ಕುಳಿತು ಒಂದಾದರೂ ತೆನೆ ಸಿಗುತ್ತದೆಯೇ ಎಂದು ಹುಡುಕಿದಳು, ಸಿಗಲಿಲ್ಲ. ತಂದೆಯ ಶವದ ಮುಂದೆ ಅಳದವಳು ಅಲ್ಲಿ ಅತ್ತಳು. ನನಗೆ ತಮ್ಮ ಮೇಲೆ ಸಿಟ್ಟು ಬಂದದ್ದು ಆಗ, ನನ್ನ ಮೇಲೆ ಅದಕ್ಕಿಂತ ಹೆಚ್ಚು. ಹಬ್ಬಕ್ಕೆ ಬೇರೆಯವರ ಗದ್ದೆಯ ತೆನೆ ತಂದೆವು.

ಈಗ ನನ್ನ ವಿನಂತಿ. ಕೋವಿಯ ಅಗತ್ಯವನ್ನು ಸ್ಥಾಪಿಸಲು ಬೆಳೆಹಾನಿಯ ಪುರಾವೆ ಬೇಕೆಂದು ಆ ಕಚೇರಿ ಕೇಳಿರುವುದರಿಂದ, ತಾವು ಉಂಡದ್ದು ನಿಜವೆಂದು ಒಂದು ಸರ್ಟಿಫಿಕೇಟು ಬರೆದು, ಗೊರಸಿನ ಗುರುತು ಒತ್ತಿ, ಮೂರು ಪ್ರತಿಗಳಲ್ಲಿ ಕೊಡಬೇಕು. ತಮ್ಮ ಎದುರು ಗುಂಡು ಹಾರಿಸುವುದಕ್ಕೆ ಆಕ್ಷೇಪವಿಲ್ಲವೆಂಬ ಪತ್ರವನ್ನೂ ಜೊತೆಗಿಟ್ಟರೆ ಫೈಲು ಬೇಗ ಏಳುತ್ತದೆ. ಒಂದು ವೇಳೆ ಠಾಣೆಯ ಕೋಣೆಗೆ ಬಾಗಿಲು ಮುರಿಯದೆ ನುಗ್ಗುವ ಸಾಮರ್ಥ್ಯ ತಮಗಿದ್ದರೆ, ಬರುವಾಗ ಕೋವಿಯನ್ನು ಬೆನ್ನ ಮೇಲೆ ಹಾಕಿಕೊಂಡು ಬಂದುಬಿಡಿ. ಪರವಾನಗಿಯಿಲ್ಲದೆ ಅದನ್ನು ಸಾಗಿಸಬಲ್ಲವರು ಈ ತಾಲೂಕಿನಲ್ಲಿ ತಾವೊಬ್ಬರೇ.

ತಮ್ಮ ಹಸಿವಿನ ಮೇಲೆ ಪೂರ್ಣ ಭರವಸೆಯಿಟ್ಟಿರುವ,
ತಮ್ಮ ವಿಶ್ವಾಸಿ,
ಸ್ಟ್ಯಾನಿಸ್ಲಾಸ್

ತಾ.ಕ.: ಹಬ್ಬದ ದಿನ ಫೋನಿನಲ್ಲಿ ತಾಯಿಯ ಅಳು ಕೇಳಿದ ನಮ್ಮ ಮಗ ಫೌಸ್ಟಿನ್, ಕಳೆದ ವರ್ಷ ನಾವು ಕಳುಹಿಸಿದ ತೆನೆಯ ಕಾಳುಗಳನ್ನು ತಿನ್ನದೆ ಬೈಬಲಿನೊಳಗೆ ಇಟ್ಟಿದ್ದವನು, ಅವನ್ನು ಅದೇ ಲಕೋಟೆಗೆ ಹಾಕಿ ಅಂಚೆಯಲ್ಲಿ ಹಿಂದಕ್ಕೆ ಕಳುಹಿಸಿದ. ಕುವೈತಿನಿಂದ ಅಜೆಕಾರಿಗೆ ಒಂಬತ್ತು ದಿನ. ಕಾರ್ಕಳದಿಂದ ಅಜೆಕಾರಿಗೆ ಕೋವಿ ಇನ್ನೂ ಬಂದಿಲ್ಲ. ಹನ್ನೊಂದು ಕಾಳಿನಲ್ಲಿ ಏಳು ಮೊಳೆತಿವೆ. ಇಮೆಲ್ಡಾ ಅವನ್ನು ಹಳೆಯ ಬೋಗುಣಿಯಲ್ಲಿ ನೆಟ್ಟು ಅಡುಗೆಮನೆಯ ಕಿಟಕಿಯ ಒಳಗೆ ಇಟ್ಟುಕೊಂಡಿದ್ದಾಳೆ. ಈ ಸಲ ಊಟಕ್ಕೆ ತಾವು ಅಲ್ಲಿಗೇ ಬರಬೇಕು. ಅಲ್ಲಿ ಅವಳ ಕೈಗೆ ಸಿಗುವ ಹಾಗೆ ಒಂದು ಒನಕೆ ಉಂಟು, ಅದಕ್ಕೆ ಲೈಸೆನ್ಸು ಬೇಡ.