ಕೊಟ್ಟೂರಪ್ಪನ ಮಹಾತ್ಯಾಗ

ಆ ಗಿರಾಕಿ ಮತ್ತೆ ಸಿಟ್ಟಾಗಿ ಎದ್ದು ಹೋದ. ಮೊಬೈಲಿನ ಆಟದಲ್ಲಿ ಕೊಟ್ಟೂರಪ್ಪ ನಡೆಸುತ್ತಿದ್ದ ಹೋಟೆಲು ಮತ್ತೆ ಮುಚ್ಚಿತು. ಬಳ್ಳಾರಿಯ ಕೌಲ್ ಬಜಾರಿನ ಜೀನ್ಸ್ ಕಾರ್ಖಾನೆಯಲ್ಲಿ ಹೊಲಿಗೆಯವರನ್ನೆಲ್ಲ ಹದ್ದುಬಸ್ತಿನಲ್ಲಿಟ್ಟಿದ್ದ ಈ ಸೂಪರ್‌ವೈಸರ್‌ಗೆ, ದೋಸೆ ತಡವಾಯಿತೆಂದು ಕಿವಿಯಿಂದ ಹೊಗೆ ಬಿಡುವ ಗೊಂಬೆಗಳನ್ನು ಸಂಭಾಳಿಸುವುದು ಆಗಲಿಲ್ಲ. (ಪ್ಯಾಂಟಿಗಾದರೆ ಜನ ಕಾಯುತ್ತಾರೆ. ದೋಸೆಗೆ ಯಾರು ಕಾಯುತ್ತಾರೆ?)

“ಹೇಮಾ, ಬಿಟ್ಟೆ!” ಎಂದು ಗರ್ಜಿಸಿದ.

“ಏನು ಬಿಟ್ರಿ? ನೀರಿನ ಮೋಟ್ರಾ?” ಅಡುಗೆಮನೆಯಿಂದ ಹೆಂಡತಿ ಕೇಳಿದಳು.

“ಆಟ! ಅಳಿಸೇಬಿಟ್ಟೆ. ಈ ಜನ್ಮದಾಗ ಇನ್ನ ಮುಟ್ಟಂಗಿಲ್ಲ.”

ಹೇಮಾ ಖುಷಿಯಿಂದ ಹೋಳಿಗೆ ಮಾಡಿದಳು. ಪಾಪ, ಗಂಡನ ಆಟ ಮುಗಿದರೆ ತನ್ನ ಪರದಾಟ ಶುರುವಾಗುತ್ತದೆಂದು ಅವಳಿಗೇನು ಗೊತ್ತು?

ಮರುದಿನದಿಂದಲೇ ಕೊಟ್ಟೂರಪ್ಪ ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತ.

“ಒಗ್ಗರಣಿಗೆ ಇಷ್ಟೊತ್ತಾ? ಎಡಕ್ಕ ಹಂಚು, ಬಲಕ್ಕ ಬಾಣಲಿ ಇಡು. ಆಟದಾಗ ಹಂಗಽ ಇತ್ತು.”

“ಆಟದಾಗ ಸೋತು ಬಂದವರು ನೀವಽ ಅಲ್ಲೇನ್ರಿ?”

ಆತ ಡಬ್ಬಿಗಳ ಸುಧಾರಣೆಗೆ ಇಳಿದ. ಕೈಗೆ ಬೇಗ ಸಿಗಲೆಂದು ಉಪ್ಪು ಸಕ್ಕರೆ ಜಾಗ ಬದಲಿಸಿದ. ಅದೇ ಹೊತ್ತಿಗೆ ಸಿರುಗುಪ್ಪದಿಂದ ಬಂದ ಅತ್ತೆ ದೊಡ್ಡಬಸಮ್ಮ ಉಪ್ಪಿನ ಚಹಾ ಕುಡಿದು, ಮುಖ ಕಿವುಚಿ, ಮಗಳನ್ನು ಹಿತ್ತಲಿಗೆ ಕರೆದೊಯ್ದಳು. ತಿರುಗಿ ಬಂದಾಗ ಅವಳ ಮುಖದಲ್ಲಿ ಭಕ್ತಿಯೇ ಭಕ್ತಿ.

“ಅಳಿಯಂದ್ರ, ಮನ್ಯಾಗ ಬಿಟ್ರ ಬಿಟ್ಟಂಗ ಅಲ್ಲ. ದೇವರ ಮುಂದ ಬಿಡಬೇಕು. ನಮ್ಮತ್ತಿ ಕಾಶ್ಯಾಗ ಹಾಗಲಕಾಯಿ ಬಿಟ್ಟು ಬಂದ್ರು, ಸಾಯೋತನ ಮುಟ್ಟಲಿಲ್ಲ. ಕುರುಗೋಡ ಬಸವಣ್ಣನ ಗುಡಿಗೆ ನಡೀರಿ.”

ಕೊಟ್ಟೂರಪ್ಪನ ಎದೆ ಉಬ್ಬಿತು. ಇಷ್ಟು ದೊಡ್ಡ ತ್ಯಾಗ ಮಾಡಿದರೂ ಒಬ್ಬರೂ ಶಹಬ್ಬಾಸ್ ಅನ್ನಲಿಲ್ಲವೆಂಬ ಕೊರಗು ಅವನನ್ನು ಒಳಗೇ ಕೊರೆಯುತ್ತಿತ್ತು. ರೇಷ್ಮೆ ಅಂಚಿನ ಪಂಚೆ ಉಟ್ಟೇ ಹೊರಟ.

ಕುರುಗೋಡಿನಲ್ಲಿ ಆಳೆತ್ತರ ಮೀರಿದ ದೊಡ್ಡಬಸವಣ್ಣನ ಮುಂದೆ ಪೂಜಾರಿ ಕೇಳಿದ: “ಏನು ಬಿಡ್ತೀರ್ರಿ?”

ಕೊಟ್ಟೂರಪ್ಪ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೇಮಾ ಹೇಳಿಬಿಟ್ಟಳು: “ಅಡಿಗಿಮನಿ ರೀ!”

ಹಾಗಲಕಾಯಿ, ಬೀಡಿ, ಎಲೆಅಡಿಕೆ ಬಿಟ್ಟವರನ್ನು ಕಂಡಿದ್ದ ಪೂಜಾರಿ ತಬ್ಬಿಬ್ಬಾದ. “ಪೂರ್ತಿನಾ?”

“ಹೊಸ್ತಿಲು ಸೈತ ದಾಟಂಗಿಲ್ರಿ,” ಎಂದಳು ದೊಡ್ಡಬಸಮ್ಮ.

ಕೊಟ್ಟೂರಪ್ಪ ಬಾಯಿ ತೆರೆದ. ಆದರೆ ಸುತ್ತ ನೆರೆದ ಹೆಂಗಸರು, “ಎಂಥಾ ದೊಡ್ಡ ಮನಸ್ರವ್ವಾ! ನಮ್ಮನ್ಯಾಗಿನ ಗಂಡಸರಿಗೂ ಈ ಬುದ್ಧಿ ಬರಲಿ,” ಎಂದು ಅವನತ್ತ ಕೈಮುಗಿದರು. ಪೂಜಾರಿ ಹಾರ ಎತ್ತಿದ. ಮದುವೆಯಲ್ಲಿ ಬಿಟ್ಟರೆ ಯಾರೂ ಹಾರ ಹಾಕದ ಆ ಕೊರಳು ತಾನಾಗಿಯೇ ಬಾಗಿತು. ತೆಂಗಿನಕಾಯಿ ಒಡೆಯಿತು. ಆಗ ಅವನಿಗೂ ತಾನೊಬ್ಬ ಮಹಾತ್ಯಾಗಿ ಅನ್ನಿಸಿತೆಂಬುದು ಸುಳ್ಳಲ್ಲ.

ಸಂಜೆ ಮನೆಯಲ್ಲಿ, ಅಡುಗೆಮನೆಯಿಂದ ಮಿರ್ಚಿ ಕರಿಯುವ ಘಮ ಬಂತು. (ಹಾರ ಇನ್ನೂ ಕೊರಳಲ್ಲಿತ್ತು, ಆಹಾರ ಹೊಸ್ತಿಲಾಚೆ.) ತಡೆಯಲಾರದೆ ಆತ ಕತ್ತು ಚಾಚಿದ: “ಎಣ್ಣಿ ಕಾದೈತೇನು ನೋ...”

“ಬಿಟ್ಟದ್ದರ ಮಾತು ಸೈತ ಎತ್ತಬಾರದು, ಅಳಿಯಂದ್ರ,” ಎಂದು ಅತ್ತೆ ಬಾಗಿಲು ಮುಂದೆ ಮಾಡಿದಳು.

ಒಳಗಿನಿಂದ ಹೇಮಾಳ ಹಾಡು ಕೇಳಿಸಿತು.