ಅತ್ತೆ ಇಲ್ಲದ ಡೇರೆ

ನಮ್ಮ ಮನೆಗೆ ಹೊಸ ಸಾಮಾನು ಬಂದಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ತಪ್ಪು ಸಾಮಾನಿನದಲ್ಲ, ನನ್ನದೂ ಅಲ್ಲ. ಬಂದದ್ದನ್ನು ಬಡಿದು, ಮೂಸಿ, ತಿರುವಿ ನೋಡದೆ ನಾನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕಡಕ್ ರೊಟ್ಟಿ ಬಡಿದು ಮಾರಿ ಈ ಡಫಳಾಪುರದಲ್ಲಿ ಸ್ಲ್ಯಾಬಿನ ಮನೆ ಕಟ್ಟಿದವಳು ನಾನು. ಸಾಲೆಯ ಮೆಟ್ಟಿಲು ಹತ್ತಿದವಳಲ್ಲ. ರೊಟ್ಟಿ ಸುತ್ತುವ ಹಳೆಯ ಪೇಪರುಗಳಲ್ಲೇ ಕನ್ನಡ, ಮರಾಠಿ ಎರಡನ್ನೂ ಓದಲು ಕಲಿತೆ. ಪೇಪರು ಅರ್ಧಕ್ಕೇ ಹರಿದಿರುತ್ತಿತ್ತು. ಮುಂದೇನಾಯಿತು ಎಂಬುದನ್ನು ನಾನೇ ಊಹಿಸಿಕೊಳ್ಳಬೇಕಾಗುತ್ತಿತ್ತು. ನನ್ನ ಊಹೆಯಲ್ಲಿ ಯಾವಾಗಲೂ ಯಾರೋ ಒಬ್ಬರು ಮೋಸ ಮಾಡಿರುತ್ತಾರೆ.

೧. ಡಬ್ಬಿಯ ಮೇಲಿನ ಚಿತ್ರ

ಒಂದು ದಿನ ಮಗನ ಹೆಸರಿಗೆ ಉದ್ದನೆಯ ಪಾರ್ಸಲ್ ಬಂತು.

"ಏನೋ ಇದು?"

"ಟೆಂಟ್, ಅವ್ವಾ. ಸೂಟಿಯಾಗ ಎಲ್ಲಾರೂ ಬಯಲಿಗಿ ಹೋಗಿ ಮಲಗೂದು."

"ಸ್ಲ್ಯಾಬಿನ ಮನಿ ಇಟಗೊಂಡು ಬಯಲಾಗ ಯಾಕ ಮಲಗಬೇಕು?"

ಮಗ ಸೊಸೆಯ ಮುಖ ನೋಡಿದ. ಸೊಸೆ ನೆಲ ನೋಡಿದಳು. ಅಲ್ಲಿಗೆ ನನಗೆ ಅರ್ಧ ತಿಳಿಯಿತು.

ಉಳಿದ ಅರ್ಧವನ್ನು ಡಬ್ಬಿ ತಿಳಿಸಿತು. ಅದರ ಮೇಲೆ ಬರೆದದ್ದೆಲ್ಲ ಇಂಗ್ಲಿಷು, ಆದರೆ ಚಿತ್ರ ಓದಲು ಯಾವ ಭಾಷೆ ಬೇಕು? ಡೇರೆಯ ಮುಂದೆ ಗಂಡ, ಹೆಂಡತಿ, ಎರಡು ಮಕ್ಕಳು ಹಲ್ಲು ಕಿಸಿದು ಕುಳಿತಿದ್ದಾರೆ. ಅತ್ತೆಯ ಸುಳಿವೇ ಇಲ್ಲ. ಮೂಲೆಯಲ್ಲಿ ದೊಡ್ಡದಾಗಿ ನಾಲ್ಕರ ಅಂಕಿ. ನಮ್ಮ ಮನೆಯಲ್ಲಿ ಮೊಮ್ಮಗಳೂ ಸೇರಿ ಐದು ಮಂದಿ. ಮಗ, ಸೊಸೆ ಹೆತ್ತವರನ್ನು ಬಿಟ್ಟು ಬೇರೆ ಒಲೆ ಹೂಡುವುದಕ್ಕೆ ನಮ್ಮ ಕಡೆ 'ಬ್ಯಾರಿ ಆಗೂದು' ಅನ್ನುತ್ತಾರೆ. ಹಾಗೆ ಹೋಗುವವರು ಬಾಡಿಗೆಗೆ ಖೋಲಿ ಹುಡುಕುತ್ತಾರೆ. ಇವರು ಡೇರೆಯಿಂದಲೇ ಶುರು ಮಾಡಿದ್ದರು.

ಗಂಡನನ್ನು ಹಿತ್ತಲಿಗೆ ಕರೆದೆ. "ಇವರು ಬ್ಯಾರಿ ಆಗಾಕ ಹೊಂಟಾರ. ಆ ಟೆಂಟಿನಾಗ ನಾಲ್ಕ ಮಂದಿಗಷ್ಟ ಜಾಗಾ ಐತಿ."

ಅವರು ಬೆರಳು ಮಡಚಿ ಎಣಿಸಿದರು. "ಹುಡುಗ, ಸೊಸಿ, ಮೊಮ್ಮಗಳು, ನಾನು. ಸರಿ ಆತಲ್ಲ!"

೨. ತಾನೇ ಸರಿಯುತ್ತಾಳೆ

ಕಾವಲಿಗೆಂದು ನಾನೂ ಹೊರಟೆ. ಎಲ್ಲಿಗೆ? ಸೋನ್ಯಾಳದ ಕಡೆ, ಕೆರೆಯ ದಂಡೆಯ ಹೊಲಕ್ಕೆ. ಯಾರ ಹೊಲ? ಬೀಗರದು, ಸೊಸೆಯ ತವರಿನವರದು! ಸಂಶಯಪಡಲು ಇನ್ನೇನು ಬೇಕು?

ಅಲ್ಲಿ ಗಾಳಿಯೋ ಗಾಳಿ. ಗೂಟ ಹೊಡೆಯುವವರೆಗೆ ಡೇರೆ ಹಾರದಿರಲೆಂದು ನನ್ನ ಗಂಡನನ್ನು ಒಳಗೆ ಕೂರಿಸಿದರು. ಡೇರೆ ಅವರನ್ನೂ ಎಳೆದುಕೊಂಡು ಹೊರಟಿತು. ಆಗ ನಾನು ಹೋಗಿ ಕುಳಿತೆ. ಡೇರೆ ಮಿಸುಕಲಿಲ್ಲ. ಮೊಮ್ಮಗಳೊಬ್ಬಳನ್ನು ಬಿಟ್ಟು ಯಾರೂ ನಗಲಿಲ್ಲ. ಉಳಿದವರಿಗೆ ಬುದ್ಧಿಯಿತ್ತು.

ಸಂಜೆ ಐವರೂ ಒಳಗೆ ಒತ್ತಿಕೊಂಡು ಊಟಕ್ಕೆ ಕುಳಿತೆವು. ನನ್ನ ಬೆನ್ನ ಹಿಂದೆ ಪಿಸುಮಾತು ಕೇಳಿಸಿತು.

ಸೊಸೆ ಅಂದಳು, "ಎಷ್ಟೊತ್ತಂತ ಹಿಂಗ ಇರೂದ್ರಿ? ನೀವರ ಹೇಳ್ರಿ ನಿಮ್ಮವ್ವಗ."

ಮಗ ಅಂದ, "ನನಗ ಹೆದರಿಕಿ ಬರತೈತಿ. ತಡಿ, ಅವ್ವ ತಾನ ಸರೀತಾಳ."

ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿದೆ. ಸರಿಯಬೇಕಂತೆ! ನಾನು ಕಟ್ಟಿದ ಸಂಸಾರದಿಂದ ನಾನೇ! ತಿರುಗಿ ಕೂಗಿದೆ, "ಏನ ಹೇಳೂದೈತಿ, ಮಾರಿ ಮುಂದ ಹೇಳ್ರಿ. ಸರಿಯಾಕಿ ಅಲ್ಲ ನಾನು!"

ಸೊಸೆ ಕೈ ಮುಗಿದಳು. "ಹಂಗ ಅನಬ್ಯಾಡ್ರಿ ಅತ್ತಿ, ಜರಾ ಸರೀರಿ. ನನ್ನ ಸೆರಗಿನ ಮ್ಯಾಲ ಕುಂತೀರಿ. ಕುತಿಗಿ ಬಿಗ್ಯಾಕತ್ತೈತಿ."

೩. ಮೊದಲು ಯಾವ ಕಣ್ಣು?

ಮರುದಿನ ನನಗೆ ಎಚ್ಚರಾದದ್ದು ಬಿಸಿಲು ಬಿದ್ದ ಮೇಲೆ. ರೊಟ್ಟಿ ವ್ಯಾಪಾರ ಹಿಡಿದಂದಿನಿಂದ ಹಾಗೆ ಮಲಗಿದವಳೇ ಅಲ್ಲ. ಯಾರೂ ಬಾಗಿಲು ಬಡಿದು ರೊಟ್ಟಿ ಕೇಳಿರಲಿಲ್ಲ. ಬಡಿಯಲು ಬಾಗಿಲೇ ಇರಲಿಲ್ಲ. ಬಟ್ಟೆಯ ಗೋಡೆ ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು. ಗಂಡ, ಮಗ, ಸೊಸೆ, ಮೊಮ್ಮಗಳು ಎಲ್ಲರೂ ಕೈಗೆಟಕುವಷ್ಟು ಹತ್ತಿರ ಮಲಗಿದ್ದರು. ಬಹಳ ಹಿತವೆನಿಸಿತು. ಕೂಡಲೇ ಸಂಶಯವೂ ಬಂತು: ಇಷ್ಟು ಹಿತವಾಗಿದೆಯೆಂದರೆ ಇದರಲ್ಲಿ ಏನೋ ಮೋಸವಿದೆ.

ಡೇರೆಯ ಬಾಯಿಗಿದ್ದ ಚೈನು ಎಳೆದು ಹೊರಗೆ ಇಣುಕಿದೆ. ಒಬ್ಬ ಅಜ್ಜ, ಇಬ್ಬರು ಅಜ್ಜಿಯರು ಸಾಲಾಗಿ ಕುಳಿತಿದ್ದಾರೆ.

"ಕ್ಯಾಂಪ್ ಇಲ್ಲೇ ಅಲ್ರಿ ಅಕ್ಕಾರ?" ಅಂದ ಅಜ್ಜ. "ಮದಲ ಯಾವ ಕಣ್ಣ ನೋಡ್ತೀರಿ?"

ಹಿಂದಿನ ಸಂಜೆ ಕುರಿ ಕಾಯುವವನೊಬ್ಬನಿಗೆ ನನ್ನ ಮಗ "ಕ್ಯಾಂಪ್ ಮಾಡೇವಿ" ಎಂದು ಹೇಳಿದ್ದ. ನಮ್ಮ ತಾಲೂಕಿನಲ್ಲಿ ಕ್ಯಾಂಪ್ ಅಂದರೆ ಕಣ್ಣು ತಪಾಸಣೆಯ ಶಿಬಿರ. ಮಗ ಎದ್ದು ಬಂದು ತಿಳಿಸಿ ಹೇಳಿದ, "ಅಜ್ಜಾರ, ನಾವು ಸುಮ್ಮನ ಮಲಗಾಕ ಬಂದೇವ್ರಿ."

"ಯಾಕ, ಮನಿ ಇಲ್ಲೇನು?"

"ಐತ್ರಿ. ಸ್ಲ್ಯಾಬಿಂದು," ಅಂದೆ ನಾನು, ಗಟ್ಟಿಯಾಗಿ.

ಅಜ್ಜ ನಮ್ಮನ್ನು ಒಬ್ಬೊಬ್ಬರಾಗಿ ನೋಡಿ ದನಿ ಇಳಿಸಿದ. "ಪೊಲೀಸರು ಹುಡಕಾಕತ್ತಾರೇನು?"

ಇಂಥ ಮಾತು ಅನ್ನಿಸಿಕೊಂಡು ಅವರನ್ನು ಹಾಗೇ ಕಳಿಸಲಾದೀತೆ? ಚಹಾ ಕಾಸಿ, ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ತಿಂದು ಏಳುವಾಗ ಅಜ್ಜ ಜೊತೆಯವರಿಗೆ ಹೇಳಿದ, "ಹ್ವಾದ ಸಲದ ಕ್ಯಾಂಪಿನಾಗ ಬರೇ ಬಿಸ್ಕೀಟ ಕೊಟ್ಟಿದ್ರು. ಇದ ಭಾಳ ಚಲೋ ಐತಿ. ಡಾಕ್ಟರ ಒಬ್ಬಾಂವ ಬಂದಿಲ್ಲ, ಅಷ್ಟ."

೪. ಹೊರಗೆ ಹಾಕಿದವರು

ಮನೆಗೆ ಬಂದ ಮೇಲೆ ಮಗ ಕೇಳಿದ, "ಹೆಂಗಿತ್ತವ್ವಾ?"

"ಏನೂ ಚಲೋ ಇರಲಿಲ್ಲ. ಬರೂ ರವಿವಾರ ಎಲ್ಲಿಗಿ?"

ಪ್ರತಿ ವಾರ ಹೋಗಲು ಅವರಿಗೆಲ್ಲಿ ಪುರುಸೊತ್ತು? ಮನೆಯ ಹಿಂದಿನ ನಮ್ಮ ಹೊಲದಲ್ಲೇ ಡೇರೆ ಹಾಕಿಸಿದೆ. ರಜೆ ಇದ್ದಾಗ ಎಲ್ಲರೂ ಬರುತ್ತಾರೆ. ಇಲ್ಲದಾಗ ರೊಟ್ಟಿ ಕೆಲಸ ಮುಗಿಸಿ ನಾನೊಬ್ಬಳೇ ಪುಸ್ತಕ ಹಿಡಿದು ಒಳಗೆ ಸೇರುತ್ತೇನೆ. ದಾರಿಯಲ್ಲಿ ಹೋಗುವವರಿಗೆ ಕಂಡದ್ದಿಷ್ಟು: ಮಗ, ಸೊಸೆ ಸ್ಲ್ಯಾಬಿನ ಮನೆಯಲ್ಲಿ, ಮನೆ ಕಟ್ಟಿದ ತಾಯಿ ಡೇರೆಯಲ್ಲಿ.

ಸುದ್ದಿ ಉಮದಿಗೆ, ನನ್ನ ತವರಿಗೆ ಮುಟ್ಟಿತು. ಒಂದು ಮಧ್ಯಾಹ್ನ ನನ್ನ ಅಣ್ಣ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದೇ ಬಿಟ್ಟ. ಡೇರೆಯ ಮುಂದೆಯೇ ಮಗನನ್ನು ನಿಲ್ಲಿಸಿ ಜಾಡಿಸಿದ. "ಹಡದ ತಾಯೀನ ಹೊಲದಾಗ ಹಾಕೀರೇನೋ? ನಾಚಿಕಿ ಆಗೂದಿಲ್ಲ?"

ಸೊಸೆಯ ಕಣ್ಣಲ್ಲಿ ನೀರು. ನಾನು ತಲೆ ಹೊರಗೆ ಹಾಕಿದೆ. "ಅಣ್ಣಾ, ಯಾರೂ ಹಾಕಿಲ್ಲ. ನಾನ ಬಂದೀನಿ. ನನಗಿಲ್ಲಿ ಚಲೋ ಅನಸತೈತಿ."

"ನೋಡ್ರಿ, ಎಷ್ಟ ಹೆದರಿಸಿ ಇಟ್ಟಾರ!" ಅಂದರು ಒಬ್ಬ ಹಿರಿಯರು.

"ಖರೇನ ಹೇಳ್ತೀನ್ರಿ. ಮನಿಗಿಂತ ಇಲ್ಲೇ ಸುಖ ಐತಿ."

"ಪಾಪ, ತಲೀನೂ ಕೆಟ್ಟೈತಿ," ಅಂದರು ಇನ್ನೊಬ್ಬರು.

ಅಣ್ಣ ತೀರ್ಮಾನ ಮಾಡಿದ. "ಇವತ್ತ ಉಮದಿಗಿ ಕರಕೊಂಡ ಹೊಂಟೆ. ಏಳು ತಂಗೀ."

ಮಗ ಬೇಡಿಕೊಂಡ, "ಅವ್ವಾ, ಮನಿಯೊಳಗ ನಡಿ. ಊರಾಗ ನಮ್ಮ ಮಾನ ಹೋಗತೈತಿ."

ಆ ಕಡೆ ಉಮದಿ, ಈ ಕಡೆ ಸ್ಲ್ಯಾಬು. ಪುಸ್ತಕದಲ್ಲೋ, ಯಾರು ಮೋಸ ಮಾಡಿದರೆಂಬುದು ಇನ್ನೇನು ತಿಳಿಯುವುದರಲ್ಲಿತ್ತು. ನಾನು ತಲೆ ಒಳಗೆ ಎಳೆದುಕೊಂಡು ಸರ್ರನೆ ಚೈನು ಹಾಕಿದೆ.

ಹೊರಗೆ ಅಣ್ಣ ಡೇರೆಯ ಸುತ್ತ ತಡಕಾಡುತ್ತ ತಿರುಗುವುದು ಕೇಳಿಸಿತು. "ಏ, ಇದರ ಬಾಗಲಾ ಎಲ್ಲೈತೋ? ನಿಮ್ಮವ್ವಗ ಹೊರಗಿಂದ ಕೀಲಿ ಹಾಕೀರೇನು?"

ಮಗನ ದನಿ ಅಳುವಂತಿತ್ತು. "ಇಲ್ರೀ ಮಾಮಾ, ಒಳಗಿಂದ ಹಾಕ್ಕೊಂಡಾಳ. ನಾವು ಅಕಿನ್ನ ಹೊರಗ ಹಾಕಿಲ್ರಿ. ಅಕಿ ತಾನ ನಮ್ಮನ್ನೆಲ್ಲಾ ಹೊರಗ ಹಾಕ್ಯಾಳ!"